ಹೆಸರು ಕಳೆದುಕೊಂಡ ದಡಿಗಳು

ಆ ಕಂಪ್ಯೂಟರ್ ಬನಹಟ್ಟಿಯಿಂದ ಬಸ್ಸಿನಲ್ಲಿ, ಒಬ್ಬ ಹೆಂಗಸಿನ ತೊಡೆಯ ಮೇಲೆ ಕುಳಿತು ಬಂದಿತ್ತು. ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಮೇಲೊಂದು ಗಂಟು ಹಾಕಿದ್ದರು. ಜೊತೆಗೆ ಮೂವತ್ತರ ಆಸುಪಾಸಿನ ಒಬ್ಬ ಗಂಡಸು. ಜಮಖಂಡಿ ಕೋರ್ಟಿನ ಹಿಂದಿನ ಓಣಿಯಲ್ಲಿರುವ ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಆತ ಒಳಗೆಲ್ಲ ಕಣ್ಣಾಡಿಸಿದ.

"ರಿಪೇರಿ ಮಾಡಾವ್ರು ಯಾವಾಗ ಬರ್ತಾರ್ರೀ?"

"ನಾನ ಮಾಡ್ತೇನ್ರಿ. ಒಳಗ ಬರ್ರಿ, ಗಂಟು ಇಳಸ್ರಿ."

ಈ ಪ್ರಶ್ನೆ ನನಗೆ ಹೊಸದಲ್ಲ. ಆತ ನಾಚಿಕೊಂಡ. ಹೆಂಗಸು ಮಾತ್ರ ನನ್ನನ್ನು ನೋಡಿ ಸ್ವಲ್ಪ ಹಗುರಾದಂತೆ ಕಂಡರು. ಕುರ್ಚಿಯಲ್ಲಿ ಕುಳಿತು, ನೀರು ಕುಡಿದು, ಗಂಟನ್ನು ತಾವೇ ಬಿಚ್ಚಿದರು.

"ಹಚ್ಚಿದರ ಕರಿ ಪಡದಾ ಬರ್ತೈತಿ ತಂಗಿ. ಅದರ ಮ್ಯಾಲೆ ಎರಡ ಸಾಲು ಬಿಳಿ ಅಕ್ಷರ. ಮುಂದ ಹೋಗೂದ ಇಲ್ಲ."

ಆ ಎರಡು ಸಾಲು ಏನೆಂದು ಆತ ಮೊಬೈಲಿನಲ್ಲಿ ಫೋಟೋ ಹಿಡಿದು ತಂದಿದ್ದ. ಕಂಪ್ಯೂಟರಿಗೆ ತನ್ನನ್ನು ಏಳಿಸುವ ಡಿಸ್ಕು ಸಿಗುತ್ತಿಲ್ಲ ಎಂಬ ಸಾಮಾನ್ಯ ದೂರು. ನಮ್ಮಲ್ಲಿಗೆ ಬರುವ ಹತ್ತರಲ್ಲಿ ನಾಲ್ಕು ಇಂಥವೇ. ಎಷ್ಟೋ ಸಲ ಒಂದು ಕೇಬಲ್ಲು ಸಡಿಲಾಗಿರುತ್ತದೆ, ಇಲ್ಲವೇ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತು ಅದಕ್ಕೆ ತನ್ನ ಡಿಸ್ಕು ಯಾವುದೆಂಬುದೇ ಮರೆತುಹೋಗಿರುತ್ತದೆ. ನಾನು ಅಷ್ಟೇ ಇರಬಹುದು ಅಂದುಕೊಂಡು ಮಗ್ಗುಲ ತಗಡು ಬಿಚ್ಚಿದೆ.

ಒಳಗೆ ಕಂಪ್ಯೂಟರೇ ಕಾಣಲಿಲ್ಲ. ಕಂಬಳಿ ಹೊದಿಸಿದಂತೆ ಬೂದುಬಣ್ಣದ ಹತ್ತಿಯ ಅರಳೆ. ಮಗ್ಗಗಳ ನಡುವೆ ಇದ್ದ ಯಂತ್ರ. ಫ್ಯಾನುಗಳ ರೆಕ್ಕೆಗೆ ಅದು ನೂಲಿನಂತೆ ಸುತ್ತಿಕೊಂಡಿತ್ತು. ಹೊರಗೆ ಕಟ್ಟೆಯ ಮೇಲಿಟ್ಟು ಬ್ಲೋವರ್ ಹಿಡಿದರೆ ಓಣಿಯೆಲ್ಲ ಬಿಳಿದಾಯಿತು. ರ್‍ಯಾಮಿನ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಬ್ಯಾಟರಿ ಬದಲಿಸಿ, ಕೇಬಲ್ಲನ್ನೂ ಬೇರೆ ಹಾಕಿ ಶುರು ಮಾಡಿದೆ. ಒಮ್ಮೆ ಡಿಸ್ಕಿನ ಹೆಸರು ಬಂತು. ಎರಡನೆಯ ಸಲ ಬರಲಿಲ್ಲ. ಮೂರನೆಯ ಸಲ ಬಹಳ ಹೊತ್ತು ಯೋಚಿಸಿ, ಬಂತು.

ಆಗ ನನ್ನ ಕೈ ನಿಧಾನವಾಯಿತು. ಹೀಗೆ ಬಂದೂ ಬಾರದಂತೆ ಮಾಡುವ ಡಿಸ್ಕನ್ನು ಮತ್ತೆ ಮತ್ತೆ ಏಳಿಸಿ ನೋಡಬಾರದು.

"ಇದರಾಗ ಏನೈತ್ರಿ ಅಕ್ಕಾರ?"

ಅವರು ಹೇಳಿದರು. ಅವರ ಗಂಡನನ್ನು ಬನಹಟ್ಟಿಯಲ್ಲಿ ಎಲ್ಲರೂ ಮಾಸ್ತರ ಎನ್ನುತ್ತಾರೆ. ಶಾಲೆಯ ಮಾಸ್ತರರಲ್ಲ. ಪಾವರ್‌ಲೂಮಿನವರಿಗೆ ಸೀರೆಯ ಚಿತ್ರ ಬರೆದುಕೊಡುವ ಡಿಸೈನರ್. ನಾವು ದಡಿ ಎನ್ನುವ ಅಂಚು, ಸೆರಗು, ಒಡಲಿನ ಬುಟ್ಟಾ, ಎಲ್ಲವನ್ನೂ ಎಳೆಗೊಂದು ಚೌಕದಂತೆ ತುಂಬುತ್ತಿದ್ದರು, ಮೊದಲು ಚೌಕುಳಿ ಕಾಗದದ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ. ಆ ಚಿತ್ರದಂತೆ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸಿದರೆ ಸೀರೆಯಲ್ಲಿ ಹೂವು ಮೂಡುತ್ತದೆ. ಕೆಲವು ತಿಂಗಳ ಹಿಂದೆ ಅವರಿಗೆ ಲಕ್ವಾ ಹೊಡೆದಿತ್ತು. ಬಲಗೈ ಸ್ವಾಧೀನ ತಪ್ಪಿತ್ತು, ಮಾತೂ ಹೋಗಿತ್ತು.

"ಬುದ್ಧಿ ಎಲ್ಲಾ ಐತಿ ತಂಗಿ. ನಾವು ಅಂದದ್ದು ತಿಳೀತೈತಿ. ಹೇಳಾಕ ಹೋದರ ಹೆಸರು ಬಾಯಿಗೆ ಬರವಲ್ದು. ನೀರು ಬೇಕಾದರ ಬಾಗಲಾ ಅಂತಾರ. ತಪ್ಪೇತಿ ಅಂತ ಅವರಿಗೂ ಗೊತ್ತಾಗತೈತಿ, ಕಣ್ಣಾಗ ನೀರು ತರ್ತಾರ."

ಅವರಿಗೆ ಪರಿಚಯವಿದ್ದ ಕೆಲಸವನ್ನೇ ಮುಂದಿಟ್ಟುಕೊಂಡು ಮಾತಾಡಿಸಿರಿ ಎಂದು ಡಾಕ್ಟರು ಹೇಳಿದ್ದರಂತೆ. ಅದಕ್ಕೇ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ ಕಂಪ್ಯೂಟರನ್ನು ಅವರ ಮಂಚದ ಮುಂದೆ ತಂದಿಟ್ಟು ಚಾಲೂ ಮಾಡಿದ್ದರು. ಬಂದದ್ದು ಕರಿ ಪರದೆ. ಮಾಸ್ತರು ಅದನ್ನೇ ನೋಡಿ ಗೋಡೆಯ ಕಡೆ ಮುಖ ತಿರುಗಿಸಿದರು. ಅವತ್ತಿನಿಂದ ಒಂದು ಶಬ್ದಕ್ಕೂ ಪ್ರಯತ್ನ ಮಾಡಿಲ್ಲ.

ಡಿಸ್ಕನ್ನು ಬಿಚ್ಚಿ ನನ್ನ ಯಂತ್ರಕ್ಕೆ, ಏನನ್ನೂ ಬರೆಯದೆ ಬರೀ ಓದುವ ಹಾಗೆ ಜೋಡಿಸಿದೆ. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ. ಆ ಲೆಕ್ಕ ಚೆನ್ನಾಗಿರಲಿಲ್ಲ, ಓದಲು ಬಾರದ ಜಾಗಗಳು ಬಹಳ ಇದ್ದವು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಕಂಡಿತು. ಸಿ, ಡಿ ಎಂದು ಎರಡು ಭಾಗ ಇರಬೇಕಾದ ಕಡೆ ಒಂದೇ ಖಾಲಿ ಭಾಗ. ಅದರ ಆರಂಭದಲ್ಲಿ ಹೊಸ ವಿಂಡೋಸು ಅರ್ಧ ಕುಳಿತು ನಿಂತಿತ್ತು.

"ನನಗಿಂತ ಮೊದಲ ಯಾರರೆ ಇದಕ್ಕ ಕೈ ಹಚ್ಚಿದ್ರೇನ್ರಿ?"

"ಇಲ್ಲ ತಂಗಿ, ಸೀದಾ ನಿಮ್ಮ ಕಡೇನ ತಂದೇವಿ," ಎಂದರು ಅಕ್ಕ. ಆತ ಹೊರಗೆ ಓಣಿಯ ಕಡೆ ನೋಡುತ್ತಿದ್ದ.

ಇಬ್ಬರೂ ಹೋದರು. ಸ್ವಲ್ಪ ಹೊತ್ತಿಗೆ ಆತ ಒಬ್ಬನೇ ತಿರುಗಿ ಬಂದ. ದೊಡ್ಡವ್ವನನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ ಬಂದಿದ್ದನಂತೆ. ಮಾಸ್ತರ ತಮ್ಮನ ಮಗ, ಮನೆಯ ಮಗ್ಗಗಳನ್ನು ಈಗ ನಡೆಸುವವನು ಆತನೇ.

"ನಾನ ಕೈ ಹಚ್ಚೇನ್ರಿ. ಮೊಬೈಲಿನ್ಯಾಗ ನೋಡಿ ಪೆನ್‌ಡ್ರೈವಿಗೆ ವಿಂಡೋಸ್ ಹಾಕಿ ಕೂಡಿಸಾಕ ಹ್ವಾದೆ. ಯಾವ ಭಾಗಕ್ಕ ಹಾಕ್ಲಿ ಅಂತ ಕೇಳ್ತು. ಎಲ್ಲಾ ಡಿಲೀಟ್ ಹೊಡದ ಬಿಟ್ಟೆ. ನಡುವ ನಿಂತಬಿಟ್ತು." ಆತ ಕೌಂಟರಿನ ಅಂಚನ್ನು ಹಿಡಿದುಕೊಂಡಿದ್ದ. "ದೊಡ್ಡಪ್ಪನ ಜೀವಮಾನದ್ದು ಅದು. ನಾನ ಕೊಂದೆ ಏನ್ರಿ?"

ಸುಳ್ಳು ಹೇಳಿ ಸಮಾಧಾನ ಮಾಡುವುದು ಸುಲಭವಿತ್ತು. ಆದರೆ ನಾಳೆ ನಾನು ಏನು ಕೊಟ್ಟರೂ ಆತ ನಂಬಬೇಕಲ್ಲ.

"ನೀವು ಮಾಡಿದ್ದು ತಪ್ಪ ಐತಿ. ಆದ್ರ ನೀವು ಹಚ್ಚೂಕಿಂತ ಮೊದಲ ಡಿಸ್ಕ ಕೆಟ್ಟಿತ್ತು, ಅದಕ್ಕ ಅದು ಏಳಲಿಲ್ಲ. ಎಷ್ಟ ಹಾಳಾಗಿದ್ದು ನಿಮ್ಮಿಂದ, ಎಷ್ಟ ಅದರ ವಯಸ್ಸಿನಿಂದ, ನನಗೂ ಹೇಳಾಕ ಬರಂಗಿಲ್ಲ. ನಡುವ ನಿಂತದ್ದು ಛಲೋ ಆತು. ಪೂರ್ತಿ ಕುಂತಿದ್ರ ಚಿತ್ರಗೋಳ ಮ್ಯಾಲೇ ಕುಂದ್ರತಿತ್ತು."

ಆತ ತಲೆಯಾಡಿಸಿದ. "ದೊಡ್ಡವ್ವಗ ನಾನ ಹೇಳ್ತೇನ್ರಿ," ಎಂದು ಹೋದ.

ಮರುದಿನ ಬೆಳಿಗ್ಗೆ ನಕಲು ಶುರು ಮಾಡಿದೆ. ಸಾಯುತ್ತಿರುವ ಡಿಸ್ಕಿನಿಂದ ಒಂದೊಂದೇ ಫೈಲು ಹುಡುಕಿ ತೆಗೆಯಲು ಹೋಗಬಾರದು. ಮೊದಲು ಇಡೀ ಡಿಸ್ಕನ್ನು ಇದ್ದ ಹಾಗೆ ಇನ್ನೊಂದು ಗಟ್ಟಿ ಡಿಸ್ಕಿಗೆ ಇಳಿಸಿಕೊಳ್ಳಬೇಕು, ಹುಡುಕಾಟವೆಲ್ಲ ಆ ನಕಲಿನಲ್ಲಿ. ನಾನು ಬಳಸುವ ತಂತ್ರಾಂಶ ಓದಲು ಬಾರದ ಜಾಗದಲ್ಲಿ ಹಟ ಹಿಡಿಯುವುದಿಲ್ಲ. ಅದನ್ನು ಗುರುತು ಹಾಕಿಕೊಂಡು ಮುಂದಕ್ಕೆ ಹಾರುತ್ತದೆ, ಸುಲಭವಾಗಿ ಬರುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಡಿಸ್ಕು ಬಿಸಿಯಾಗದಂತೆ ಮೇಲೊಂದು ಸಣ್ಣ ಫ್ಯಾನು ಇಟ್ಟೆ. ನನ್ನ ಅಂಗಡಿಯಲ್ಲಿ ಕರೆಂಟು ಹೋದರೆ ಯುಪಿಎಸ್ ಸ್ವಲ್ಪ ಹೊತ್ತು ಎಳೆಯುತ್ತದೆ, ಆಮೇಲೆ ಕೂಗುತ್ತದೆ. ಮೊದಲ ದಿನವೇ ಕೂಗಿತು. ಎಲ್ಲವನ್ನೂ ನಿಲ್ಲಿಸಿ, ಕರೆಂಟು ಬಂದ ಮೇಲೆ ನಿಂತಲ್ಲಿಂದಲೇ ಮತ್ತೆ ಹಿಡಿದೆ.

ಅರ್ಧದ ಹತ್ತಿರ ಬಂದಾಗ ಡಿಸ್ಕು ಟಿಕ್ ಎಂದಿತು. ಮತ್ತೊಮ್ಮೆ ಟಿಕ್. ಓದುವ ಮುಳ್ಳು ಜಾಗ ಹಿಡಿಯಲಾಗದೆ ಹಿಂದಕ್ಕೆ ಬಂದು ಬಂದು ಬಡಿಯುವ ಸಪ್ಪಳ ಅದು. ತಕ್ಷಣ ಆರಿಸಿದೆ. ತಣ್ಣಗಾಗಲು ಬಿಟ್ಟೆ. ಆಮೇಲೆ ಕೊನೆಯಿಂದ ಹಿಂದಕ್ಕೆ ಓದಲು ಹಚ್ಚಿದೆ. ಹಾಗೆ ಓದಿಸಿದರೆ ಕೆಟ್ಟ ಜಾಗದ ಆಚೆಯ ದಡದಿಂದ ಅದನ್ನು ಸಮೀಪಿಸಬಹುದು. ದೇವರು ದೊಡ್ಡವನು, ಆಚೆಯ ಭಾಗ ಬಹುತೇಕ ಬಂತು. ಆದರೆ ನಡುವೆ ಒಂದು ಪಟ್ಟಿ ಉಳಿಯಿತು. ಯಾವ ಕಡೆಯಿಂದ ಹೋದರೂ ಅಲ್ಲಿ ಟಿಕ್ ಟಿಕ್.

ಅಂಥ ಡಿಸ್ಕನ್ನು ಧೂಳಿಲ್ಲದ ಕೋಣೆಯಲ್ಲಿ ಬಿಚ್ಚುವವರು ದೂರದ ದೊಡ್ಡ ಊರುಗಳಲ್ಲಿದ್ದಾರೆ. ಗುರುತಿನ ಒಬ್ಬರಿಗೆ ಫೋನು ಹಚ್ಚಿ ಸಪ್ಪಳವನ್ನು ಕೇಳಿಸಿದೆ. ಒಳಗಿನ ತಟ್ಟೆ ಗೀರಿರಬಹುದು, ಬಿಚ್ಚಿದರೂ ಬರುತ್ತದೆಂಬ ಭರವಸೆ ಇಲ್ಲ ಎಂದರು ಅವರು. ಇನ್ನು ನನ್ನ ಮುಂದಿದ್ದದ್ದು ಆ ಪಟ್ಟಿಯನ್ನು ಒತ್ತಾಯದಿಂದ ಓದಿಸುವುದು, ಇಲ್ಲವೇ ಬಿಡುವುದು. ಅಕ್ಕನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ.

"ನಿಮ್ಮದ ಆಗಿದ್ರ ಏನ್ ಮಾಡ್ತಿದ್ರಿ ತಂಗಿ?"

"ಬಿಡ್ತಿದ್ದೆ ಅಕ್ಕಾರ. ಕೈಯಾಗ ಬಂದದ್ದರಾಗ ಏನೈತಿ ಅಂತ ಮೊದಲ ನೋಡ್ತಿದ್ದೆ."

"ಹಂಗಾರ ಬಿಡ್ರಿ."

ಬಿಟ್ಟೆ. ಬಿಟ್ಟದ್ದು ಸರಿಯೇ ಎಂದು ಅವತ್ತು ಗಟ್ಟಿಯಾಗಿ ಹೇಳಲಾರದೆ ಇದ್ದೆ.

ನಕಲಿನಲ್ಲಿ ಹುಡುಕಲು ಕುಳಿತಾಗ ಆ ಪಟ್ಟಿಯಲ್ಲಿ ಏನಿತ್ತೆಂದು ತಿಳಿಯಿತು. ಡಿಸ್ಕು ಫೈಲುಗಳ ಹೆಸರುಗಳನ್ನೆಲ್ಲ ಒಂದು ಕಡೆ ಬರೆದಿಟ್ಟು, ಫೈಲುಗಳನ್ನು ಬೇರೆ ಬೇರೆ ಕಡೆ ಇಡುತ್ತದೆ. ಮಾಸ್ತರ ಡಿ ಭಾಗದ ಹೆಸರುಗಳಿದ್ದ ಜಾಗ ಹೆಚ್ಚುಕಡಿಮೆ ಆ ಪಟ್ಟಿಯಲ್ಲೇ ಬಿದ್ದಿತ್ತು. ಪುಸ್ತಕದ ಹಾಳೆಗಳು ಇವೆ, ಪರಿವಿಡಿ ಹರಿದುಹೋಗಿದೆ ಎಂದ ಹಾಗೆ. ಇಂಥ ಹೊತ್ತಿನಲ್ಲಿ ಫೈಲುಗಳನ್ನು ಅವುಗಳ ಮೈಗುರುತಿನಿಂದಲೇ ಹೆಕ್ಕಬೇಕಾಗುತ್ತದೆ. ಚಿತ್ರದ ಫೈಲು ಶುರುವಾಗುವ ರೀತಿಯೇ ಬೇರೆ ಇರುತ್ತದೆ, ಅದನ್ನು ಹುಡುಕುತ್ತ ತಂತ್ರಾಂಶ ಇಡೀ ಡಿಸ್ಕನ್ನು ಜಾಲಾಡುತ್ತದೆ. ಸಂಜೆಯ ಹೊತ್ತಿಗೆ ಸಾವಿರಾರು ಚಿತ್ರಗಳು ಬಂದು ರಾಶಿಯಾದವು. ಒಂದಕ್ಕೂ ಹೆಸರಿಲ್ಲ, ಬರೀ ಉದ್ದುದ್ದ ನಂಬರು.

ಅದರಲ್ಲಿ ವಿಂಡೋಸಿನ ಸಣ್ಣಪುಟ್ಟ ಗುರುತುಗಳು, ದೇವರ ಕ್ಯಾಲೆಂಡರಿನ ಫೋಟೋಗಳು, ಯಾರದೋ ಮದುವೆಯ ಕರೆಯೋಲೆ, ಎಲ್ಲ ಇದ್ದವು. ಅವನ್ನು ಸೋಸಿ ತೆಗೆದ ಮೇಲೆ ದಡಿಗಳು ಉಳಿದವು. ಎಷ್ಟೋ ಚಿತ್ರಗಳು ಅರ್ಧ ಬಂದು ಉಳಿದರ್ಧ ಬೂದು ಬಳಿದಂತಿದ್ದವು. ಚೆನ್ನಾಗಿದ್ದವೂ ನನಗೆ ಅರ್ಥವಾಗಲಿಲ್ಲ. ಎಳೆಗೊಂದು ಚೌಕ ಇರುವುದರಿಂದ ಪರದೆಯ ಮೇಲೆ ಹೂವು ಕುಳ್ಳಾಗಿ, ಚಪ್ಪಟೆಯಾಗಿ ಕಾಣುತ್ತದೆ. ಅಕ್ಕ ಅಂಗಡಿಗೆ ಬಂದು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಸೀರಿ ಕೈಯಾಗ ಕೊಟ್ರ ಯಾವುದಂತ ಹೇಳ್ತೇನಿ. ಇಲ್ಲಿ ಒಂದೆರಡ ಬಿಟ್ರ ಗೊತ್ತಾಗವಲ್ದು ತಂಗಿ."

ಯಾವುದು ಮುಗಿದದ್ದು, ಯಾವುದು ಕರಡು, ಯಾವ ದಡಿ ಯಾವ ಸೆರಗಿನದು ಎಂಬುದು ತಿಳಿದ ಮನುಷ್ಯ ಒಬ್ಬರೇ ಇದ್ದರು. ಅವರ ಮುಂದೆ ಒಯ್ಯೋಣವೆಂದೆ. ಅಕ್ಕ ಗಾಬರಿಯಾದರು.

"ಮತ್ತ ಮಾರಿ ತಿರುಗಿಸಿದ್ರ? ಮದಲ ಒಂದ ಸಲ ಆಗೇತಿ."

ನನಗೂ ಅದೇ ಅಂಜಿಕೆ. ಅರ್ಧ ಬೂದಾದ ಚಿತ್ರ ಅವರ ಕಣ್ಣಿಗೆ ಬಿದ್ದರೆ? ಅದಕ್ಕೆ ಕೆಟ್ಟವನ್ನೆಲ್ಲ ಬೇರೆ ಫೋಲ್ಡರಿಗೆ ಹಾಕಿ, ಪೂರ್ತಿ ಬಂದವನ್ನಷ್ಟೇ ಲ್ಯಾಪ್‌ಟಾಪಿಗೆ ತುಂಬಿಕೊಂಡೆ. ಅಂಗಡಿಯ ರಜೆಯ ದಿನ ಬಸ್ಸು ಹತ್ತಿದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತ ಹೋಯಿತು. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಮನೆಯ ಮುಂದಿನ ಕೋಣೆಯಲ್ಲಿ ಮಗ್ಗಗಳು ನಡೆದಿದ್ದವು. ಆ ಖಟಪಟದ ನಡುವೆ ಹಾದು ಒಳಗೆ ಹೋದರೆ ಕಿಟಕಿಯ ಪಕ್ಕ ಮಂಚ, ಮಂಚದ ಮೇಲೆ ಮಾಸ್ತರು. ಎತ್ತರದ, ತೆಳ್ಳಗಿನ ಮನುಷ್ಯ. ಬಲಗೈಯನ್ನು ಒಂದು ದಿಂಬಿನ ಮೇಲೆ ಇಟ್ಟಿದ್ದರು. ನನಗೆ ಎಡಗೈ ಎತ್ತಿ ನಮಸ್ಕಾರ ಮಾಡಿದರು. ಚೀಲದಿಂದ ಲ್ಯಾಪ್‌ಟಾಪು ಹೊರಬಂದದ್ದೇ ತಡ, ಮುಖ ಗೋಡೆಯ ಕಡೆ ಹೋಯಿತು.

ಅಕ್ಕ ನನ್ನನ್ನು ನೋಡಿದರು. ನಾನು ಕಾಲದೆಸೆಯ ಸ್ಟೂಲಿನ ಮೇಲೆ ಲ್ಯಾಪ್‌ಟಾಪು ಇಟ್ಟು, ಅಕ್ಕನಿಗೇ ತೋರಿಸುವಂತೆ ಒಂದು ಚಿತ್ರ ತೆರೆದೆ. ಮಗ್ಗ ನಿಲ್ಲಿಸಿ ಬಂದ ತಮ್ಮನ ಮಗನೂ ಬಾಗಿಲಲ್ಲಿ ನಿಂತ. ಅದೊಂದು ಬಳ್ಳಿ, ಬಳ್ಳಿಯ ಮೇಲೆ ಸಾಲಾಗಿ ನಿಂತ ಮೊಗ್ಗುಗಳು ಎಂದು ನನಗೆ ಅನಿಸಿತ್ತು. ಮೊಗ್ಗು ಮೇಲಕ್ಕೆ ಬರುವಂತೆ ನಾನೇ ಅಂಗಡಿಯಲ್ಲಿ ತಿರುಗಿಸಿ ಇಟ್ಟಿದ್ದೆ.

"ಇದು ಮೊಗ್ಗೇನ ತಂಗಿ?"

"ಹಂಗ ಕಾಣತೈತ್ರಿ ಅಕ್ಕಾರ. ಮಲ್ಲಿಗಿ ಇರಬೇಕು."

"ಮಲ್ಲಿಗಿ ಇಷ್ಟ ಡುಬ್ಬ ಇರ್ತೈತೇನ?" ಎಂದ ಆತ.

"ಸಂಪಿಗಿ ಇದ್ದೀತು," ಎಂದರು ಅಕ್ಕ.

ಮಂಚದಿಂದ ಒಂದು ಸಪ್ಪಳ ಬಂತು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ. ನಾವು ಮೂವರೂ ತಿರುಗಿದೆವು. ಮಾಸ್ತರು ಕತ್ತು ಹೊರಳಿಸಿ ಪರದೆಯನ್ನೇ ನೋಡುತ್ತಿದ್ದರು. ಹುಬ್ಬು ಗಂಟಿಕ್ಕಿತ್ತು. ಎಡಗೈಯನ್ನು ಗಾಳಿಯಲ್ಲಿ ಸಿಟ್ಟಿನಿಂದ ತಿರುವಿದರು.

"ಉ... ಉ... ಉಲ್ಟಾ!"

ನಾನು ಗಡಬಡಿಸಿ ಚಿತ್ರವನ್ನು ತಲೆಕೆಳಗು ಮಾಡಿದೆ. ಮೊಗ್ಗುಗಳೆಲ್ಲ ಕೆಳಗೆ ಜೋತುಬಿದ್ದವು. ಈಗ ಅವು ಮೊಗ್ಗಾಗಿರಲಿಲ್ಲ. ಬಾವಿಯ ಮೇಲೆ ಬಾಗಿದ ಟೊಂಗೆಗೆ ತೂಗುವ ಗೀಜಗನ ಗೂಡುಗಳು. ಒಂದೊಂದು ಗೂಡಿನ ಬಾಯಲ್ಲೂ ಒಂದು ಚೌಕದಷ್ಟು ಹಳದಿ.

"ಗೂಡು," ಎಂದರು ಮಾಸ್ತರು. ಈ ಸಲ ತಡವರಿಸಲಿಲ್ಲ.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅತ್ತರೋ ನಕ್ಕರೋ ನನಗೆ ಗೊತ್ತಾಗಲಿಲ್ಲ. ನಾನು ಆ ಉದ್ದನೆಯ ನಂಬರನ್ನು ಅಳಿಸಿ 'ಗೂಡು' ಎಂದು ಬರೆದೆ.

ಅಲ್ಲಿಂದ ಎಲ್ಲ ಸಲೀಸಾಯಿತು ಎಂದೇನಲ್ಲ. ಮುಂದಿನ ಚಿತ್ರಕ್ಕೂ ಅವರು ಗೂಡು ಎಂದರು. ಅದರ ಮುಂದಿನದಕ್ಕೂ ಗೂಡು.

"ಇದು ಗೂಡಲ್ರಿ, ನವಲು. ನಮ್ಮ ಮಗಳ ಲಗ್ನದಾಗ ಉಟ್ಟಿದ್ಲಲ್ಲ," ಎಂದರು ಅಕ್ಕ.

ಮಾಸ್ತರು ಹಾಸಿಗೆಯನ್ನು ಕುಟ್ಟಿದರು. "ಗೂಡು!"

ನಾನು ಗೂಡು ಎಂದೇ ಬರೆದೆ, ಪಕ್ಕದಲ್ಲಿ ಒಂದು ಅಂಕಿ ಹಾಕಿ. ಬಾಗಿಲಲ್ಲಿ ನಿಂತವನು ನಗು ತಡೆಯಲು ತುಟಿ ಕಚ್ಚಿದ. ಅವತ್ತು ಸಂಜೆ ಬಸ್ಸು ಹತ್ತುವಾಗ ನನ್ನ ಲ್ಯಾಪ್‌ಟಾಪಿನಲ್ಲಿ ಹತ್ತಾರು ಗೂಡುಗಳಿದ್ದವು. ಮೊದಲನೆಯದೊಂದೇ ಖರೆ ಗೂಡು.

ಆದರೆ ಮುಂದಿನ ರಜೆಗೆ ಹೋದಾಗ, ಅದೇ ನವಿಲನ್ನು ತೆರೆದರೆ ಮಾಸ್ತರು ಕೆಳಗಿನ ಹೆಸರನ್ನು ಓದಿ ನನ್ನ ಕಡೆ ಹೀಗೆ ನೋಡಿದರು, ಇಂಥ ದಡ್ಡತನ ಯಾರದು ಎಂಬಂತೆ. "ನ... ನವ..." ಎಂದು ಎಳೆದು ಎಳೆದು, "ನವಲ" ಎಂದು ಮುಗಿಸಿದರು. ತಿದ್ದಿದೆ. ಹೀಗೆ ಎಷ್ಟೋ ವಾರ ನಡೆಯಿತು. ನಾನು ಹೋಗಲಾಗದ ವಾರ ತಮ್ಮನ ಮಗನೇ ಕುಳಿತ. ಮಗ್ಗ ನಿಲ್ಲಿಸಿದಾಗಲೆಲ್ಲ ಬಂದು ಒಂದೆರಡು ತೆರೆಯುತ್ತಿದ್ದನಂತೆ. ಕೆಲವು ದಿನ ಮಾಸ್ತರು ಒಂದೂ ಮಾತಾಡದೆ ಮಲಗಿಬಿಡುತ್ತಿದ್ದರು. ಕೆಲವು ದಡಿಗಳಿಗೆ ಹಳೆಯ ಹೆಸರು ಬರಲೇ ಇಲ್ಲ, ಹೊಸದೇ ಏನೋ ಬಂತು. ಒಂದಕ್ಕೆ 'ಅತ್ತಿ' ಎಂದರು. ಅದು ಅತ್ತಿ ಮರವೋ, ಸೋದರತ್ತೆಯೋ ಎಂದು ಅಕ್ಕ ಕೇಳಿದರೆ ನಕ್ಕರು. ಅದು ಇವತ್ತಿಗೂ ಅತ್ತಿ ಎಂದೇ ಇದೆ.

ರಾಶಿ ಮುಗಿಯುತ್ತ ಬಂದಾಗ ಅವರು ಏನನ್ನೋ ಹುಡುಕುತ್ತಿದ್ದಾರೆಂದು ತಿಳಿಯಿತು. ಪ್ರತಿ ಚಿತ್ರಕ್ಕೂ ಇದಲ್ಲ, ಮುಂದೆ ಎಂದು ಕೈ ಮಾಡುತ್ತಿದ್ದರು. ಕೊನೆಯ ಚಿತ್ರವೂ ದಾಟಿತು. ಎಡಗೈ ಬೆರಳಿನಿಂದ ಹಾಸಿಗೆಯ ಮೇಲೆ ಅಲೆಯಂತೆ ಒಂದು ಗೆರೆ ಎಳೆದು, ನನ್ನ ಮುಖ ನೋಡಿದರು.

ಅಕ್ಕನಿಗೆ ಹೊಳೆಯಿತು. "ಅದು ಕಡೀ ದಡಿ ತಂಗಿ. ಬೀಳೂಕಿಂತ ಮೊದಲ ಹೊಳೀದೇನೋ ಬರ್‍ಯಾಕತ್ತಿದ್ರು. ಮುಗಿಯೂತನ ಯಾರಿಗೂ ತೋರ್ಸಂಗಿಲ್ಲ ಅಂದಿದ್ರು."

ನೇಯ್ದಿಲ್ಲ, ರಟ್ಟಿಲ್ಲ, ಯಾರೂ ನೋಡಿಲ್ಲ. ನಾನು ಬೇರೆ ಇಟ್ಟಿದ್ದ ಕೆಟ್ಟ ಚಿತ್ರಗಳನ್ನೂ ಅಲ್ಲಿಯೇ ತೆರೆದು ಹುಡುಕಿದೆ. ಈಗ ಅವರಿಂದ ಬಚ್ಚಿಡುವುದು ಏನೂ ಇರಲಿಲ್ಲ. ಹೊಳೆಯ ದಡಿ ಸಿಗಲಿಲ್ಲ. ಆ ಪಟ್ಟಿಯಲ್ಲೇ ಅದು ಉಳಿದಿರಬೇಕು.

"ಅದು ಬರಲಿಲ್ರಿ ಮಾಸ್ತರ," ಎಂದೆ. "ಡಿಸ್ಕಿನ್ಯಾಗ ಒಂದ ಜಾಗ ಓದಾಕ ಬರಲಿಲ್ಲ. ಬಿಡೂದು ಅಂತ ಹೇಳಿದಾಕಿ ನಾನ."

ಮಾಸ್ತರು ಕಣ್ಣು ಮುಚ್ಚಿದರು. ಆ ಪಟ್ಟಿಯನ್ನು ಇನ್ನೊಂದು ಸಲ ಒತ್ತಬೇಕಿತ್ತೇನೋ ಎಂದು ಬಸ್ಸಿನಲ್ಲಿ ಕುಳಿತವಳಿಗೆ ಅನಿಸಿತು. ಒತ್ತಿದ್ದರೆ ಗೀಜಗನ ಗೂಡೂ ಹೋಗುತ್ತಿತ್ತೇನೋ ಎಂದೂ ಅನಿಸಿತು. ಈ ಕೆಲಸದಲ್ಲಿ ಎರಡನ್ನೂ ಮಾಡಿ ನೋಡಲು ಬರುವುದಿಲ್ಲ.

ಅದಾದ ಮೇಲೆ ಅವರ ಹಳೆಯ ಯಂತ್ರಕ್ಕೆ ಹೊಸ ಡಿಸ್ಕು ಕೂಡಿಸಿ, ವಿಂಡೋಸು ಹಾಕಿ, ಚಿತ್ರಗಳನ್ನೆಲ್ಲ ಹೆಸರಿನ ಸಮೇತ ತುಂಬಿ ನಾನೇ ಒಯ್ದೆ. ಅರಳೆ ಒಳಗೆ ಹೋಗದಂತೆ ಫ್ಯಾನಿನ ಬಾಯಿಗೆ ತೆಳು ಬಟ್ಟೆ ಕಟ್ಟುವುದನ್ನು ತಮ್ಮನ ಮಗನಿಗೆ ತೋರಿಸುವವಳಿದ್ದೆ. ಒಳಗೆ ಹೋದರೆ ಮಂಚ ಖಾಲಿ ಇತ್ತು. ಮಾಸ್ತರು ಮೇಜಿನ ಮುಂದೆ ಕುರ್ಚಿಯಲ್ಲಿ, ಬೆನ್ನಿಗೊಂದು ದಿಂಬು ಕೊಟ್ಟುಕೊಂಡು ಕುಳಿತಿದ್ದರು. ಬೆಳಿಗ್ಗೆಯಿಂದ ಹೀಗೇ ಕಾಯುತ್ತಿದ್ದಾರೆಂದರು ಅಕ್ಕ.

ಚಾಲೂ ಮಾಡಿದೆ. ಮೊದಲು ಕರಿ ಪರದೆ ಬಂತು. ಅದು ಸರಿದು ಬೆಳಕಾಯಿತು. ನಾನು ಗೂಡನ್ನು ತೆರೆಯಲು ಹೋದರೆ ಮಾಸ್ತರು ಬೇಡವೆಂದು ಕೈ ಅಡ್ಡ ಹಿಡಿದರು. ಖಾಲಿ ಚೌಕುಳಿಯನ್ನು ತೆರೆಯಲು ಸನ್ನೆ ಮಾಡಿದರು. ತೆರೆದೆ. ಅವರು ಮೇಜಿನ ಬಲಕ್ಕಿದ್ದ ಮೌಸನ್ನು ಎಡಗೈಯಿಂದ ಎತ್ತಿ ಎಡಕ್ಕೆ ಇಟ್ಟುಕೊಂಡರು. ಒತ್ತಿದರೆ ಬೇಡವಾದದ್ದೇನೋ ತೆರೆದುಕೊಂಡಿತು. ಮತ್ತೆ ಒತ್ತಿದರು, ಮತ್ತೆ ಅದೇ. ಅವರ ತೋರುಬೆರಳು ಈಗ ಮೌಸಿನ ಬಲಗುಂಡಿಯ ಮೇಲೆ ಬೀಳುತ್ತಿತ್ತು. ನಾನು ಸೆಟ್ಟಿಂಗಿಗೆ ಹೋಗಿ ಎರಡು ಗುಂಡಿಗಳ ಕೆಲಸವನ್ನು ಅದಲುಬದಲು ಮಾಡಿದೆ. ಎಡಗೈಯವರಿಗಾಗಿ ಅಂಥದ್ದೊಂದು ಅನುಕೂಲ ಇದೆ. ಇಷ್ಟು ವರ್ಷದಲ್ಲಿ ನಾನು ಅದನ್ನು ಮುಟ್ಟಿರಲಿಲ್ಲ.

ಈ ಸಲ ಒಂದು ಚೌಕ ನೀಲಿಯಾಯಿತು. ಪಕ್ಕದ್ದೊಂದು. ಆಮೇಲೆ ಕೈ ಜಾರಿ ಎಲ್ಲೋ ದೂರದ ಚೌಕ ತುಂಬಿತು. ಅಕ್ಕ ಮುಂದೆ ಬಂದರು, ನಾನು ಅವರ ತೋಳು ಹಿಡಿದೆ. ಮಾಸ್ತರು ಆ ತಪ್ಪು ಚೌಕವನ್ನು ತಾವೇ ಅಳಿಸಿದರು. ಮತ್ತೆ ಶುರು ಮಾಡಿದರು. ಮುಂದಿನ ಕೋಣೆಯಲ್ಲಿ ನಾಲ್ಕು ಬೆರಳಗಲ ಬಟ್ಟೆ ನೇಯುವಷ್ಟು ಹೊತ್ತಿನಲ್ಲಿ ಹತ್ತು ಹನ್ನೆರಡು ಚೌಕಗಳು ಏರಿ ಇಳಿದು, ಅಲೆಯ ಒಂದು ಮಗ್ಗುಲಿನಂತೆ ನಿಂತವು. ಅವರು ಬೆವರಿದ್ದರು. ಮೌಸು ಬಿಟ್ಟು ಹಿಂದಕ್ಕೆ ಒರಗಿದರು.

"ಸೇವ್ ಮಾಡ್ಲೇನ್ರಿ ದೊಡ್ಡಪ್ಪ?" ಎಂದು ತಮ್ಮನ ಮಗ ಕೇಳಿದ.

ಮಾಸ್ತರು ಹೌದೆಂದು ತಲೆಯಾಡಿಸಿದರು. ಆಮೇಲೆ ಏನೋ ನೆನಪಾದವರಂತೆ ಕೈ ಎತ್ತಿ ಅವನನ್ನು ತಡೆದರು. ಬಾಯಿ ಎರಡು ಮೂರು ಸಲ ತೆರೆದು ಮುಚ್ಚಿತು.

"ಎರಡ... ಎರಡ ಕಡೆ ಇಡು," ಎಂದರು.